ಬೆಳಗಿನ ಆಣೆ

ಜೂನ್ 20

ಕರಿಹಲಗೆಯ ಲೆಕ್ಕದಲ್ಲಿ ಎಂದೂ ತಪ್ಪದ, ಲೋಕದ ಲೆಕ್ಕದಲ್ಲಿ ಎಂದೂ ಪಾಸಾಗದ ಅಕ್ಕನಿಗೆ, ಅವಳ ಒಬ್ಬನೇ ತಮ್ಮನೂ ಈ ಶಾಲೆಯ ಅಧಿಕೃತ ಗಂಟಲೂ ಆದ ಡ್ರಿಲ್ ಮೇಷ್ಟ್ರ ನಮಸ್ಕಾರ.

ಮನೆ ಕ್ಷೇಮ. ನಾನು ಕ್ಷೇಮವೋ ಅಲ್ಲವೋ ಎಂಬುದನ್ನು ಹಾಲಿನ ಪಾತ್ರೆಯನ್ನೇ ಕೇಳಬೇಕು. ಅದು ತಳ ಹಿಡಿದು, ಮುಖ ಕಪ್ಪು ಮಾಡಿಕೊಂಡು, ಮೂರು ಸಲ ಉಜ್ಜಿದರೂ ನನ್ನ ಜೊತೆ ಮಾತಿಗೆ ಬರುತ್ತಿಲ್ಲ. ನೀನು ಹೋಗುವಾಗ ಅದಕ್ಕೆ ಏನಾದರೂ ಹೇಳಿಕೊಟ್ಟು ಹೋದೆಯೋ ಹೇಗೆ?

ಬೀದಿಯಲ್ಲಿ ತಲೆ ಎತ್ತಿ ಓಡಾಡುವಂತಿಲ್ಲ. ಪಕ್ಕದ ಮನೆಯ ಟೈಲರ್ ನನ್ನ ಪ್ಯಾಂಟಿನ ಅಳತೆ ತೆಗೆದುಕೊಳ್ಳುತ್ತಾ ಕೇಳಿಯೇಬಿಟ್ಟ: "ಅಲ್ಲ ಮೇಷ್ಟ್ರೇ, ದೇವರೇ ಇಲ್ಲ ಅನ್ನೋರು ನೀವು. ಮೈಕ್ ಹಿಡಿದು ದಿನಾ ದೇವರಾಣೆ ಇಡ್ತೀರಿ. ಎರಡು ಹೊತ್ತು ಪ್ರಾರ್ಥನೆ ಮಾಡೋ ನಿಮ್ಮಕ್ಕ ಆಣೆ ಇಡಲ್ಲ ಅಂತ ವರ್ಗ ಆದ್ರು. ಇದ್ಯಾವ ಲೆಕ್ಕ?"

"ಅದು ಗಣಿತದ ಟೀಚರ್ ಲೆಕ್ಕ, ನನಗೆ ಬರಲ್ಲ. ಸೊಂಟ ಸ್ವಲ್ಪ ಸಡಿಲ ಇಡಿ," ಅಂದೆ.

ನಿಜ ಹೇಳಬೇಕೆಂದರೆ ನನಗೆ ಇನ್ನೂ ಅರ್ಥವಾಗಿಲ್ಲ. ನಾಡಿಗೆ ನಿಷ್ಠೆಯಿಂದಿರುವೆ, ಹಿರಿಯರ ಮಾತು ಕೇಳುವೆ, ಸತ್ಯವನ್ನೇ ನುಡಿಯುವೆ ಅಂತ ನಾವಿಬ್ಬರೂ ಚಿಕ್ಕವರಿದ್ದಾಗಿನಿಂದ ಹೇಳಿದ್ದೇವೆ. ಅದರಲ್ಲಿ ಮೂರೂ ಪಾಲಿಸಿಲ್ಲ. ಯಾರಿಗೂ ತೊಂದರೆ ಆಗಿಲ್ಲ. ಈ ವರ್ಷ ಇಲಾಖೆಯವರು ಅದಕ್ಕೊಂದು ಬಾಲ ಹಚ್ಚಿದರು: 'ಇದು ದೇವರಾಣೆಯಾಗಿ ಸತ್ಯ.' ಮೂರೇ ಪದ. ಅಷ್ಟಕ್ಕೆ ನೀನು ಮೊದಲ ಸಾಲಿನಲ್ಲಿ ನಿಂತು, ಬಾಗಿಲು ಎಳೆದ ಅಂಗಡಿಯ ಹಾಗೆ ಬಾಯಿ ಮುಚ್ಚಿದೆ. ಅದೂ ಸಾಹೇಬರು ತಪಾಸಣೆಗೆ ಬಂದ ದಿನ. ಕೊನೆಯ ಸಾಲಿನಲ್ಲಿ ನಿಂತು ಮುಚ್ಚಿದ್ದರೆ ಏನು ಗಂಟು ಹೋಗುತ್ತಿತ್ತು?

ಅಲ್ಲಿ ಹೇಗಿದೆ, ಬರೆ. ಹಾಲನ್ನು ಎಷ್ಟು ಹೊತ್ತು ಕಾಯಿಸಬೇಕು ಎಂಬುದನ್ನೂ.

ಇಂತಿ, ಹಸಿದ
ತಮ್ಮ

———

ಜುಲೈ 5

ಪ್ರೀತಿಯ ಗಂಟಲಿಗೆ,

ಹಾಲನ್ನು ಕಾಯಿಸುವ ಹೊತ್ತು ಗಡಿಯಾರದಲ್ಲಿಲ್ಲ, ಒಲೆ ಮುಂದೆ ನಿಲ್ಲುವುದರಲ್ಲಿದೆ. ನೀನು ಪೇಪರ್ ಹಿಡಿದುಕೊಂಡು ಹೊರಗೆ ಹೋಗಿರುತ್ತೀಯ, ನನಗೆ ಗೊತ್ತು.

ಇಲ್ಲಿ ಕಲ್ಲುಗಣಿ. ಕಲ್ಲು, ಕಲ್ಲಿನ ಧೂಳು, ಧೂಳಿನಲ್ಲಿ ಮನೆಗಳು. ಗಣಿಯ ಆಫೀಸಿನಲ್ಲಿ ಒಂದು ಫೋನಿದೆ. ಮ್ಯಾನೇಜರು ಅದನ್ನು ಎಳೆಮಗುವಿನ ಹಾಗೆ ಬೇರೆಯವರ ಕೈಗೆ ಕೊಡುವುದಿಲ್ಲ. ಟಪಾಲು ವಾರಕ್ಕೊಮ್ಮೆ ಸಾಮಾನಿನ ಲಾರಿಯಲ್ಲಿ, ಈರುಳ್ಳಿ ಮೂಟೆಯ ಮೇಲೆ ಕೂತು ಬರುತ್ತದೆ. ನಿನ್ನ ಪತ್ರ ಓದುವಾಗ ಕಣ್ಣಲ್ಲಿ ನೀರು ಬಂದರೆ ಅದು ಈರುಳ್ಳಿಯದೆಂದು ತಿಳಿ.

ಶಾಲೆ ಒಂದೇ ಕೋಣೆ. ಶಿಕ್ಷಕರ ಹುದ್ದೆ ಎರಡು. ಒಂದಕ್ಕೆ ನಾನು, ಇನ್ನೊಂದಕ್ಕೆ ಖಾಲಿ ಕುರ್ಚಿ. ಆ ಕುರ್ಚಿ ಎಷ್ಟೋ ಮೇಷ್ಟ್ರುಗಳಿಗಿಂತ ವಾಸಿ, ಯಾರ ಮೇಲೂ ದೂರು ಬರೆಯುವುದಿಲ್ಲ. ಇಲಾಖೆಗೆ ಬೇಡವಾದವರನ್ನೆಲ್ಲ ಇಲ್ಲಿಗೇ ಕಳಿಸುವುದಂತೆ. ಮಕ್ಕಳು ಮೊದಲ ದಿನವೇ ಕೇಳಿದರು: "ಟೀಚರ್, ನೀವೇನು ತಪ್ಪು ಮಾಡಿದ್ರಿ?"

"ಮಾತಾಡಲಿಲ್ಲ," ಅಂದೆ.

"ನಮಗೆ ಮಾತಾಡಿದ್ರೆ ಹೊಡೀತಾರೆ," ಅಂದಳು ಒಬ್ಬಳು, ಬಹಳ ಸಮಾಧಾನದಿಂದ.

ಬೆಳಿಗ್ಗೆ ಮೂರು ಸಾಲು ಹೇಳಿಸುತ್ತೇನೆ. ನಾಲ್ಕನೆಯದಕ್ಕೆ ಬಂದಾಗ ಪುಸ್ತಕ ತೆಗೆಯಿರಿ ಅನ್ನುತ್ತೇನೆ.

ನಿನಗೆ ಅರ್ಥವಾಗಿಲ್ಲ ಎಂದು ಬರೆದೆ. ಅಮ್ಮ ನಿನಗೆ ಅರ್ಥ ಮಾಡಿಸಲಿಕ್ಕೆ ಕಡಿಮೆ ಪಾಡುಪಟ್ಟಳೇ? ಬೆಲ್ಲ ಕದ್ದು ಬಾಯಲ್ಲಿಟ್ಟುಕೊಂಡೇ 'ದೇವರಾಣೆ ನಾನು ತಿಂದಿಲ್ಲ' ಅಂದವನು ನೀನು. ಆಗ ಅವಳು ಹೊಡೆಯಲಿಲ್ಲ. "ಬೆಲ್ಲ ತಿಂದಿದ್ದಕ್ಕೆ ಏನಿಲ್ಲ. ಅವನನ್ನ ಯಾಕೆ ಸಾಕ್ಷಿಗೆ ಕರೆದೆ? ಅವನಿಗೆ ಬೇರೆ ಕೆಲಸ ಇಲ್ವಾ?" ಅಂದಳು. ಅಷ್ಟೇ. ಆಮೇಲೆ ನಾನು ಅವನ ಹೆಸರನ್ನು ಅವನನ್ನು ಕರೆಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿಲ್ಲ. ಅಷ್ಟು ಮಕ್ಕಳ ಕೈಯಲ್ಲಿ ದಿನಾ ಬೆಳಿಗ್ಗೆ ಆಣೆ ಹಾಕಿಸಿ, ಮೊದಲನೇ ಪಿರಿಯಡ್ಡಿನಲ್ಲೇ "ಹೋಂವರ್ಕ್ ಮಾಡಿದ್ದೆ, ಮನೆಯಲ್ಲಿ ಬಿಟ್ಟುಬಂದೆ" ಅಂತ ಕೇಳುವುದಿದೆಯಲ್ಲ, ಅದು ನನ್ನಿಂದಾಗದು.

ಊಟ ಬಿಡಬೇಡ.

ಅಕ್ಕ

———

ಜುಲೈ 22

ಧೂಳಿನಲ್ಲೂ ಹೊಳೆಯುತ್ತಿರುವ ಅಕ್ಕನಿಗೆ,

ಶುಭ ಸಮಾಚಾರ. ಹೆಡ್ಮಾಸ್ಟರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿ, ಕುರ್ಚಿ ತೋರಿಸಿದರು. ನನ್ನ ಇಷ್ಟು ವರ್ಷದ ಸರ್ವಿಸ್ಸಿನಲ್ಲಿ ಅವರು ಕುರ್ಚಿ ತೋರಿಸಿದ್ದು ಇದೇ ಮೊದಲು. ಡ್ರಿಲ್ ಮೇಷ್ಟ್ರು ನಿಂತೇ ಇರಬೇಕು ಎಂಬುದು ಅವರ ಸಿದ್ಧಾಂತ.

"ನೋಡಪ್ಪ, ನಿಮ್ಮಕ್ಕ ಕೆಟ್ಟವರಲ್ಲ. ಹಟ. ಸಾಹೇಬರು ಆ ಕಡೆ ತಪಾಸಣೆಗೆ ಹೋದಾಗ ಒಂದೇ ಸಲ, ಅವರ ಕಿವಿಗೆ ಬೀಳೋ ಹಾಗೆ ಆ ಸಾಲು ಹೇಳಿಬಿಡಲಿ. ವಾಪಸ್ ಕರೆಸಿಕೊಳ್ಳೋ ಜವಾಬ್ದಾರಿ ನನ್ನದು. ಇಲ್ಲಿ ಗಣಿತಕ್ಕೆ ಜನ ಇಲ್ಲ. ನಾನೇ ತಗೋತಿದೀನಿ."

ಅವರು ಗಣಿತ ತೆಗೆದುಕೊಳ್ಳುತ್ತಿರುವುದು ನಿಜ. ಮಕ್ಕಳು ಅತ್ತುಕೊಂಡು ಮೈದಾನಕ್ಕೆ ಬರುತ್ತಿರುವುದೂ ನಿಜ.

ಅಕ್ಕ, ಒಂದೇ ಸಲ. ನಾನು ದಿನಾ ಹೇಳುತ್ತೇನೆ, ನೋಡು. ಟೊಮೆಟೊ ರೇಟು ಕೂಗಿದ ಹಾಗೆ ಕೂಗುತ್ತೇನೆ. ಸಾಲಿಗೂ ನನಗೂ ಸಂಬಂಧವಿಲ್ಲ. ಗಂಟಲಿಗೂ ಸಂಬಳಕ್ಕೂ ಮಾತ್ರ ಸಂಬಂಧ. ಆಗದಿದ್ದರೆ ತುಟಿ ಆಡಿಸು. ಯಾವ ದನಿ ಯಾರದು ಅಂತ ಯಾರು ನೋಡುತ್ತಾರೆ?

ಮನೆಯ ಸುದ್ದಿ: ಅಭ್ಯಾಸಬಲದಿಂದ ಬೆಳಿಗ್ಗೆ ಎರಡು ಲೋಟ ಚಹಾ ಮಾಡುತ್ತಿದ್ದೇನೆ. ಚೆಲ್ಲಲು ಮನಸ್ಸು ಬಾರದೆ ಎರಡನ್ನೂ ನಾನೇ ಕುಡಿಯುತ್ತಿದ್ದೇನೆ. ಎರಡನೆಯದನ್ನು ಕುಡಿಯುವಾಗ "ಸಕ್ಕರೆ ಜಾಸ್ತಿ ಆಯ್ತು" ಅಂತ ನಿನ್ನ ಪರವಾಗಿ ನಾನೇ ಗೊಣಗುತ್ತೇನೆ. ರೇಡಿಯೊದವನ ಜೊತೆ ವಾದ ಮಾಡುವುದನ್ನೂ ಶುರುಮಾಡಿದ್ದೇನೆ. ಅವನು ನಿನ್ನ ಹಾಗೆಯೇ, ಎದುರಿನವನ ಮಾತು ಕೇಳುವವನಲ್ಲ.

ತಮ್ಮ

———

ಆಗಸ್ಟ್ 9

ತಮ್ಮನಿಗೆ,

ನಿನಗೆ ಅದು ಟೊಮೆಟೊ ರೇಟು, ಆದ್ದರಿಂದ ಹೇಳುತ್ತೀಯ. ನನಗೆ ಅದು ಟೊಮೆಟೊ ರೇಟಾಗುವ ದಿನ ನಾನೂ ಹೇಳುತ್ತೇನೆ. ಅಲ್ಲಿಯವರೆಗೆ ಈ ವಿಷಯ ಬರೆಯಬೇಡ.

ತುಟಿ ಆಡಿಸುವುದಂತೆ. ನೋಡುವವನು ಸಾಹೇಬರೊಬ್ಬರೇ ಅಂದುಕೊಂಡೆಯಾ?

ನಾನು ನಿನ್ನ ಮೇಲೆ ಸಿಟ್ಟಾಗಿದ್ದೇನೆ. ಆದರೂ ಕೆಮ್ಮಿಗೆ ಶುಂಠಿ ಹಾಕಿ ಕುಡಿ. ಹೋದ ಪತ್ರದ ಅಕ್ಷರ ನಡುಗಿತ್ತು. ನೀನು ಕೆಮ್ಮುತ್ತಾ ಬರೆದರೆ ಹಾಗಾಗುತ್ತದೆ.

ಅಕ್ಕ

———

ಸೆಪ್ಟೆಂಬರ್ 12

ಮೌನವ್ರತದ ಮಹಾತಾಯಿಗೆ,

ಆ ವಿಷಯ ಬರೆಯಬೇಡ ಅಂದೆ. ಸರಿ, ಬರೆಯುವುದಿಲ್ಲ. ಆ ವಿಷಯ ಬಿಟ್ಟರೆ ಬರೆಯಲು ಏನಿದೆ ಎಂದು ಯೋಚಿಸುತ್ತಾ ಒಂದು ತಿಂಗಳು ಕಳೆಯಿತು.

ಕೆಮ್ಮು ಹೋಯಿತು. ಹೋಗುವಾಗ ಗಂಟಲಿನ ಒಂದು ತುಂಡನ್ನೂ ಒಯ್ದಿತು. ಈಗ ಮೈಕಿನಲ್ಲಿ ಹೇಳಿಸುವಾಗ ಹಳೇ ಗೇಟು ತೆರೆದ ಹಾಗೆ ಕೇಳುತ್ತದಂತೆ. ಮಕ್ಕಳಿಗೆ ಬೇಸರವಿಲ್ಲ. ಅವು ನನ್ನ ದನಿ ಬೀಳುವವರೆಗೂ ಬಾಯಿ ತೆರೆಯುವುದಿಲ್ಲ, ಬಿದ್ದ ಮೇಲೆ ಬಿಡುವುದಿಲ್ಲ. ಎಂಥ ತಯಾರಿ ಮಾಡಿದ್ದೇನೆ, ನೋಡು. ಇದೊಂದೇ ನನ್ನ ಬದುಕಿನ ಸಾಧನೆ.

ಟೈಲರ್ ಕೇಳಿದ, "ಒಬ್ಬರೇ ಇರೋಕೆ ಬೇಜಾರಾಗಲ್ವಾ?" ಅಂತ. "ಬೇಜಾರು ಯಾಕೆ, ಮನೆ ತುಂಬ ನಾನೇ ಇದೀನಲ್ಲ," ಅಂದೆ. ಅವನು ನಗಲಿಲ್ಲ. ನನ್ನ ಜೋಕುಗಳು ಇತ್ತೀಚೆಗೆ ಅಳತೆ ತಪ್ಪುತ್ತಿವೆ.

ಇರಲಿ. ಸುಮ್ಮನೆ, ಭೂಗೋಳದ ಆಸಕ್ತಿಯಿಂದ ಕೇಳುತ್ತಿದ್ದೇನೆ: ನಿನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಿಡಿಯುತ್ತದೆಯೇ? ಆ ಖಾಲಿ ಕುರ್ಚಿಯ ಹುದ್ದೆಗೆ ಡ್ರಿಲ್ ಬರುವವರು ಆಗುತ್ತಾರೋ, ಅಥವಾ ವಿದ್ಯಾವಂತರೇ ಬೇಕೋ?

ಉತ್ತರಿಸುವಾಗ ಕಾರಣ ಕೇಳಬೇಡ.

ತಮ್ಮ

———

ಸೆಪ್ಟೆಂಬರ್ 28

ಭೂಗೋಳ ಪಂಡಿತನಿಗೆ,

ಮಂಚ ಹಿಡಿಯುತ್ತದೆ, ಬಾಗಿಲು ತೆರೆಯುವುದಿಲ್ಲ. ಕುರ್ಚಿಗೆ ಯಾರಾದರೂ ಆಗುತ್ತಾರೆ. ಅದಕ್ಕೂ ಒಂದು ಕಾಲಿಲ್ಲ. ಯಾವ ಕಿತಾಪತಿ ಮಾಡುತ್ತಿದ್ದೀಯೋ ಏನೋ, ಮಾಡುವ ಮೊದಲು ಹೇಳು.

ಇಲ್ಲಿ ಎಲ್ಲ ಹಾಗೇ ಇದೆ. ಸಂಜೆ ಮಕ್ಕಳು ಹೋದ ಮೇಲೆ ಗಣಿಯ ಕ್ರಷರ್ ನಿಲ್ಲುವವರೆಗೂ ಗದ್ದಲ. ಅದು ನಿಂತ ಮೇಲಿನದನ್ನು ಏನೆಂದು ಕರೆಯಬೇಕೋ ತಿಳಿಯದು. ಮೊನ್ನೆ ಅಂಗಡಿಯವಳು ಚಿಲ್ಲರೆ ಕೊಟ್ಟು "ಸರಿ ಇದೆಯಾ ನೋಡ್ಕೊಳಿ" ಅಂದಳು. "ಹೂಂ" ಅಂದಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ರಜೆಯ ಮೂರು ದಿನದಲ್ಲಿ ಅದೇ ಮೊದಲ ಮಾತು.

ಎರಡು ಲೋಟ ಚಹಾ ಈಗಲೂ ಮಾಡುತ್ತೀಯಾ? ಜುಲೈನಲ್ಲಿ ಬರೆದಿದ್ದೆ. ಆಗ ನಾನು ನಕ್ಕಿದ್ದೆ.

ಮುಂದಿನ ವಾರ ಸಾಹೇಬರು ತಪಾಸಣೆಗೆ ಬರುತ್ತಾರಂತೆ. ಬರಲಿ.

ಬಿಸಿಲಿದ್ದಾಗ ನನ್ನ ಹಾಸಿಗೆ ಒಣಹಾಕು. ಹಾಗೇ ಇಟ್ಟರೆ ಮುಗ್ಗುಲು ಹಿಡಿಯುತ್ತದೆ. ಬೇರೇನೂ ಕಾರಣವಿಲ್ಲ.

ಅಕ್ಕ

———

ಅಕ್ಟೋಬರ್ 8

ನನ್ನ ಅಕ್ಕನೂ ಇನ್ನು ಮುಂದೆ ಸಹೋದ್ಯೋಗಿಯೂ ಆದವಳಿಗೆ,

ಮಂಚಕ್ಕೆ ಜಾಗ ಮಾಡು. ಬಾಗಿಲು ತೆರೆಯದಿದ್ದರೆ ಕಿಟಕಿಯಿಂದ ಓಡಾಡೋಣ; ನಾನು ಡ್ರಿಲ್ ಮೇಷ್ಟ್ರು, ನಿನಗೆ ಹೇಳಿಕೊಡುತ್ತೇನೆ.

ಇವತ್ತು ಬೆಳಿಗ್ಗೆ ಮೊದಲಿನ ಮೂರು ಸಾಲು ಹೇಳಿಸಿದೆ. ನಾಲ್ಕನೆಯದಕ್ಕೆ ಬಾಯಿ ಮುಚ್ಚಿದೆ.

ತತ್ವ ಗಿತ್ವ ಅಂತ ತಪ್ಪು ತಿಳಿಯಬೇಡ. ಬಾಯಿ ಮುಚ್ಚಿದವರನ್ನೆಲ್ಲ ಇಲಾಖೆ ಕಲ್ಲುಗಣಿಗೆ ಕಳಿಸುತ್ತದೆ. ಅಲ್ಲಿ ಕುರ್ಚಿ ಖಾಲಿ ಇದೆ. ಆದ್ದರಿಂದ ನಾನು ಬಾಯಿ ಮುಚ್ಚಿದರೆ ನಿನ್ನ ಊಟ ನನಗೆ ಸಿಗುತ್ತದೆ. ನೋಡು, ನನಗೂ ಲೆಕ್ಕ ಬರುತ್ತದೆ. ಮೊದಲೇ ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ.

ಆದರೆ ಅಕ್ಕ, ಒಂದು ಆಯಿತು. ನಾನು ಸುಮ್ಮನಾದೆನಲ್ಲ, ಇಡೀ ಮೈದಾನ ಸುಮ್ಮನಾಯಿತು. ನನ್ನ ದನಿ ಬೀಳದೆ ಬಾಯಿ ತೆರೆಯಬಾರದೆಂದು ನಾನೇ ಕಲಿಸಿದ್ದು. ಅಷ್ಟೂ ಮಕ್ಕಳು ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. ಧ್ವಜದ ಹಗ್ಗ ಕಂಬಕ್ಕೆ ಬಡಿಯುವುದು ಕೇಳಿಸುತ್ತಿತ್ತು. ದಿನಾ ಬಡಿಯುತ್ತದೆ, ನನ್ನ ಗಲಾಟೆಯಲ್ಲಿ ಕೇಳಿರಲಿಲ್ಲ. ಆಗ ಆ ಮೂರು ಪದ ಗಂಟಲಿಗೆ ಬಂದು ಕೂತವು. ಈಗ ಹೇಳಿಬಿಡಲೇ ಎಂದುಕೊಂಡೆ, ಆಗಲಿಲ್ಲ. ಟೊಮೆಟೊ ರೇಟಾಗಿದ್ದರೆ ಹೇಳಬಹುದಿತ್ತು.

ಹೆಡ್ಮಾಸ್ಟರು ಓಡಿಬಂದು ಮೈಕ್ ಕಿತ್ತುಕೊಂಡರು. "ಏನಾಯ್ತಪ್ಪ? ಗಂಟಲಾ?"

"ಗಂಟಲೇನೂ ಆಗಿಲ್ಲ ಸಾರ್. ಹೇಳಲ್ಲ."

"ಮನೆತನಕ್ಕೇ ಬಂದಿದೆ ನಿಮಗೆ ಈ ರೋಗ," ಅಂದರು.

ಅಮ್ಮ ಇದ್ದಿದ್ದರೆ ಆ ಮಾತಿಗೆ ಹಿಗ್ಗುತ್ತಿದ್ದಳು. ವರ್ಗದ ಆದೇಶ ಬರುತ್ತಿದ್ದಂತೆ ಲಾರಿ ಹತ್ತುತ್ತೇನೆ. ನಿನ್ನ ಹಾಸಿಗೆ ಒಣಗಿಸಿದ್ದೇನೆ, ತರಲೇ?

ತಮ್ಮ

———

ಅಕ್ಟೋಬರ್ 9

ತಮ್ಮನಿಗೆ,

ಇದು ಚಿಕ್ಕ ಪತ್ರ. ಲಾರಿ ನಿಂತಿದೆ.

ಸಾಹೇಬರು ಬಂದಿದ್ದರು. ಹೇಳಿದೆ.

ಬಿಸ್ಕತ್ತು ತಿನ್ನುತ್ತಿದ್ದರು, ಒಳ್ಳೆಯ ಮನುಷ್ಯ. "ಕೂಗಬೇಕಾಗಿಲ್ಲ ಮೇಡಂ, ನನಗೆ ಕೇಳಿಸಿದ್ರೆ ಸಾಕು," ಅಂದರು. ನಾನು ಹೇಳುವುದಕ್ಕೂ ಗಣಿಯಲ್ಲಿ ಸಿಡಿತದ ಸೈರನ್ ಕೂಗುವುದಕ್ಕೂ ಸರಿಹೋಯಿತು. ಸೈರನ್ ನಿಂತ ಮೇಲೆ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, "ಹೇಳಿದ್ರಾ?" ಅಂದರು. ಇನ್ನೊಂದು ಸಲ ಹೇಳಿದೆ. ಒಂದು ಸಲ ಸಾಕು ಅಂತ ಗಟ್ಟಿ ಮನಸ್ಸು ಮಾಡಿದ್ದೆ, ಎರಡಾಯಿತು.

ಮಕ್ಕಳು ಏನೂ ಕೇಳಲಿಲ್ಲ. ಪುಸ್ತಕ ತೆಗೆದರು.

ಆದೇಶ ಈ ತಿಂಗಳೇ ಬರುತ್ತದಂತೆ. ನಾನು ಮೊದಲೇ ಬರೆದಿದ್ದರೆ ನೀನು "ನೋಡಿದೆಯಾ, ಅಷ್ಟೇ ತಾನೇ" ಅನ್ನುತ್ತಿದ್ದೆ. ಅದನ್ನು ಕೇಳಿಸಿಕೊಂಡು ಆಮೇಲೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ನಿನ್ನೆಯಿಂದ ಪ್ರಾರ್ಥನೆಗೆ ಕೂತರೆ ಮಾತು ಬರುತ್ತಿಲ್ಲ. ಕೂತು ಎದ್ದುಬರುತ್ತೇನೆ. ಯಾರನ್ನೋ ಸುಮ್ಮನೆ ಕೋರ್ಟಿಗೆ ಎಳೆದು, ಆಮೇಲೆ ಅವರ ಮನೆಗೇ ಹೋಗಿ ಕ್ಷೇಮ ಕೇಳಿದ ಹಾಗೆ. ಸರಿಹೋಗುತ್ತದೆ. ಮನೆಗೆ ಬಂದರೆ ಸರಿಹೋಗುತ್ತದೆ.

ಬೆಳಿಗ್ಗೆ ಎರಡು ಲೋಟ ಮಾಡುವುದನ್ನು ನಿಲ್ಲಿಸಬೇಡ. ಸಕ್ಕರೆ ಕಡಿಮೆ ಹಾಕು.

ಅಕ್ಕ

———

ನವೆಂಬರ್ 6

ಅಕ್ಕ,

ವಿಳಾಸ ನೋಡಿದೆಯಲ್ಲ. ಇದು ಉಪ್ಪಿನ ಗದ್ದೆಗಳ ಊರು. ಭೂಪಟದಲ್ಲಿ ಕಲ್ಲುಗಣಿಯ ಮೇಲೆ ಒಂದು ಬೆರಳು, ನಮ್ಮ ಮನೆಯ ಮೇಲೆ ಒಂದು ಬೆರಳು ಇಟ್ಟರೆ, ಇಲ್ಲಿಗೆ ಮೂರನೆಯ ಬೆರಳು ಮುಟ್ಟುವುದಿಲ್ಲ. ಮೂಗು ತರಬೇಕು.

ಗುಮಾಸ್ತರು ಆದೇಶ ಕೊಡುವಾಗ ನಾನು ನಗುನಗುತ್ತಾ ಸಹಿ ಹಾಕಿದೆ. ಊರ ಹೆಸರು ಓದಿ, "ಕಲ್ಲುಗಣಿ ಅಲ್ವಾ ಸಾರ್?" ಅಂದೆ.

"ಅಕ್ಕ ತಮ್ಮ ಇಬ್ಬರನ್ನೂ ಒಂದೇ ಕಡೆ ಹಾಕಿದ್ರೆ ಅದು ಶಿಕ್ಷೆ ಹೇಗಾಗುತ್ತೆ ಮೇಷ್ಟ್ರೇ? ಅದು ಟೂರ್," ಅಂದರು. ಅಲ್ಲದೆ, ನೀನು ವಾಪಸ್ ಬರುತ್ತಿರುವ ಆದೇಶವೂ ಅದೇ ಮೇಜಿನ ಮೇಲಿತ್ತು. ನನ್ನದರ ಕೆಳಗೆ. ಅವರೇ ಎತ್ತಿ ತೋರಿಸಿದರು.

ನಿನ್ನ ಚಿಕ್ಕ ಪತ್ರ ಮನೆಗೆ ಹೋಗಿ, ಬೀಗ ನೋಡಿ, ಟೈಲರ್ ಕೈಯಿಂದ ಇಲ್ಲಿಗೆ ಬಂತು. ಓದಿ ಏನು ಬರೆಯಬೇಕೆಂದು ತಿಳಿಯದೆ ಎರಡು ದಿನ ಮಕ್ಕಳಿಗೆ ಬರೀ ಡ್ರಿಲ್ ಮಾಡಿಸಿದೆ. ಉಪ್ಪಿನ ಮೇಲೆ ಓಡುವಾಗ ಸದ್ದೇ ಬರುವುದಿಲ್ಲ, ಗೊತ್ತೇ?

ಪ್ರಾರ್ಥನೆಯ ವಿಷಯದಲ್ಲಿ ನಾನು ಸಲಹೆ ಕೊಡುವುದು ಮೀನು ಮರ ಹತ್ತುವುದನ್ನು ಹೇಳಿಕೊಟ್ಟ ಹಾಗೆ. ಆದರೂ ಹೇಳುತ್ತೇನೆ. ನಿನಗೆ ಮಾತು ಬಾರದಿದ್ದರೆ ಸುಮ್ಮನೆ ಕೂತಿರು. ನಾನು ಮೈದಾನದಲ್ಲಿ ನಿಂತಿದ್ದಾಗ, ನನಗೆ ನಂಬಿಕೆ ಇಲ್ಲ ಎಂಬುದು ನಿನಗೆ ಗೊತ್ತೇ ಇದೆ, ಆದರೂ ಯಾರೋ ಕಾಯುತ್ತಿದ್ದಾರೆ ಅನ್ನಿಸಿತ್ತು. ಮಕ್ಕಳೇ ಇರಬೇಕು.

ಕೀಲಿಕೈ ಟೈಲರ್ ಹತ್ತಿರ ಇದೆ. ಹಾಲಿನ ಪಾತ್ರೆಯನ್ನು ನೋಡಿ ಬೈಯಬೇಡ.

ತಮ್ಮ

———

ನವೆಂಬರ್ 24

ತಮ್ಮನಿಗೆ,

ಮನೆಗೆ ಬಂದೆ. ಪಾತ್ರೆ ನೋಡಿದೆ, ಬೈದೆ. ಟೈಲರ್ ನಿನ್ನ ಹೊಸ ಪ್ಯಾಂಟನ್ನು ನನಗೆ ಕೊಟ್ಟು, "ಸೊಂಟ ಸಡಿಲ ಇಟ್ಟಿದ್ದೆ, ಈಗ ಇನ್ನೂ ಸಡಿಲ ಆಗಿರುತ್ತೆ," ಅಂದ. ಕಟ್ಟಿ ಕಳಿಸುತ್ತಿದ್ದೇನೆ. ನನ್ನ ಹಾಸಿಗೆ ಚೆನ್ನಾಗಿ ಒಣಗಿದೆ.

ಶಾಲೆಯ ಸುದ್ದಿ ಕೇಳು. ಮೊದಲ ದಿನವೇ ಹೆಡ್ಮಾಸ್ಟರು ನನ್ನ ಕೈಗೆ ಮೈಕ್ ಕೊಟ್ಟರು. "ನಿಮ್ಮ ತಮ್ಮ ಹೋದ ಮೇಲೆ ನಾನೇ ಹೇಳಿಸ್ತಿದೀನಿ, ನಡುನಡುವೆ ಮರೆತುಹೋಗುತ್ತೆ. ನೀವೀಗ ಸರಿಹೋಗಿದ್ದೀರಿ ಅಂತ ಸಾಹೇಬರು ಬರೆದಿದ್ದಾರೆ. ದಿನಾ ನೀವೇ ಹೇಳಿಸಿ," ಅಂದರು. ಬೇಡ ಅಂದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹತ್ತಿ ನಿಂತೆ.

ಮೂರು ಸಾಲು ಹೇಳಿದೆ. ನಾಲ್ಕನೆಯದು ಬರಲಿಲ್ಲ. ಎರಡು ಸಲ ಹೇಳಿದವಳಿಗೆ ಮೂರನೆಯದು ಏನು ಮಹಾ ಎಂದು ನನಗೆ ನಾನೇ ಹೇಳಿಕೊಂಡೆ. ಬರಲಿಲ್ಲ. ಆಯಿತು, ಇನ್ನು ಇಲಾಖೆ ನನ್ನನ್ನು ಎಲ್ಲಿಗೆ ಕಳಿಸುತ್ತದೋ, ಉಪ್ಪಿನ ಗದ್ದೆಯಲ್ಲಿ ಜಾಗ ಇದೆಯೋ ಇಲ್ಲವೋ ಎಂದು ಕಣ್ಣು ಮುಚ್ಚಿ ನಿಂತೆ.

ಆಗ ಮಕ್ಕಳು ಹೇಳಿದರು. ಅವರಷ್ಟಕ್ಕೆ ಅವರೇ. ಹೆಡ್ಮಾಸ್ಟರು ದಿನಾ ಮರೆತು ನಿಲ್ಲುತ್ತಿದ್ದರಲ್ಲ, ಹೇಳಿಸುವವರಿಗೆ ಕಾಯದೆ ಮುಂದುವರಿಯುವುದನ್ನು ಕಲಿತುಬಿಟ್ಟಿದ್ದಾರೆ. 'ಇದು ದೇವರಾಣೆಯಾಗಿ ಸತ್ಯ' ಅಂತ ಇಡೀ ಮೈದಾನ ಒಂದೇ ಉಸಿರಿಗೆ ಕೂಗಿ, ಕೆಮ್ಮಿ, ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಕ್ಲಾಸಿಗೆ ಹೋದರು. ನನ್ನ ಬಾಯಿಯನ್ನು ಯಾರೂ ನೋಡಲೇ ಇಲ್ಲ. ನೀನು ಕಲಿಸಿದ್ದ ಕಾಯುವುದು ಒಂದು ತಿಂಗಳೂ ಬಾಳಲಿಲ್ಲ.

ಹೆಡ್ಮಾಸ್ಟರು ಬಂದು, "ಶಹಬ್ಬಾಸ್. ಎಷ್ಟು ಚೆನ್ನಾಗಿ ಹೇಳಿಸಿದ್ರಿ," ಅಂದರು.

ಆ ದಿನದಿಂದ ಹೀಗೇ ನಡೆಯುತ್ತಿದೆ. ಸಂಜೆ ಪ್ರಾರ್ಥನೆಗೆ ಕೂರುತ್ತೇನೆ. ನೀನು ಹೇಳಿದ ಹಾಗೆ, ಸುಮ್ಮನೆ. ಯಾರಾದರೂ ಕಾಯುತ್ತಿದ್ದಾರೋ ಇಲ್ಲವೋ, ನಿನಗೆ ಅನ್ನಿಸಿದ್ದು ನನಗೆ ಇನ್ನೂ ಅನ್ನಿಸಿಲ್ಲ.

ಇದನ್ನೆಲ್ಲ ಮನೆಗೆ ಬಂದು ನಿನ್ನ ಎದುರು ಹೇಳಿದ್ದರೆ ನೀನು ಚಹಾ ಚೆಲ್ಲಿಕೊಂಡು ನಗುತ್ತಿದ್ದೆ, ನಿನ್ನನ್ನು ನೋಡಿ ನಾನೂ ನಗುತ್ತಿದ್ದೆ. ಬರೆಯುವಾಗ ಅಷ್ಟು ನಗು ಬರುತ್ತಿಲ್ಲ. ಇದು ನಿನ್ನ ಕೈ ಸೇರುವ ಹೊತ್ತಿಗೆ ನಾನು ಇನ್ನೂ ಎಷ್ಟೋ ಬೆಳಿಗ್ಗೆ ಆ ಮೈಕಿನ ಮುಂದೆ ಬಾಯಿ ಮುಚ್ಚಿ ನಿಂತಿರುತ್ತೇನೆ, ಪ್ರತಿ ಸಲವೂ ಶಹಬ್ಬಾಸ್ ಅನ್ನಿಸಿಕೊಂಡಿರುತ್ತೇನೆ.

ಅಕ್ಕ